ದಿವಾನ್ ಸರ್ ಶೇಷಾದ್ರಿ ಅಯ್ಯರ್ ಅವರೂ ನಾಲ್ಕು ತಾಲ್ಲೂಕುಗಳ ದಾರಿಯೂ

ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ, ಗ್ರಂಥಭಂಡಾರವಿರುವ ಕೆಂಪು ಮಂದಿರದ ಮುಂದೆ ನಿಂತಿರುವ ಪ್ರತಿಮೆಯನ್ನು ನಮ್ಮ ವಾಚಕರಲ್ಲಿ ಕಾಣದವರು ವಿರಳ. 1913ರಲ್ಲಿ ವೈಸರಾಯ್ ಹಾರ್ಡಿಂಜ್ ಪ್ರಭುಗಳು ಅನಾವರಣ ಮಾಡಿದ ಆ ವಿಗ್ರಹವು ಮೈಸೂರು ಸಂಸ್ಥಾನದ ದಿವಾನಗಿರಿಯನ್ನು ಹದಿನೆಂಟು ವರ್ಷ ನಿರ್ವಹಿಸಿದ ಸರ್ ಕೆ. ಶೇಷಾದ್ರಿ ಅಯ್ಯರ್ ಅವರದು. ಶಿವನಸಮುದ್ರದ ವಿದ್ಯುಚ್ಛಕ್ತಿ, ಮಾರಿಕಣಿವೆಯ ಕಟ್ಟೆ, ಹೆಸರಘಟ್ಟದ ನೀರು ಇವುಗಳಿಂದ ಅವರ ಹೆಸರು ಜನರ ನಾಲಗೆಯ ಮೇಲೆ ಉಳಿದಿದೆ. ನಾವು ಇಂದು ಹೇಳಬೇಕೆಂದಿರುವುದು ಅಷ್ಟಾಗಿ ಪ್ರಚಾರದಲ್ಲಿಲ್ಲದ ಬೇರೊಂದು ವಿಷಯ. ಬೊಕ್ಕಸದಲ್ಲಿ ಹಣ ಕೊಂಚ, ಕೇಳುವ ಊರುಗಳು ಅನೇಕ. ಹೀಗಿರುವಾಗ ಯಾವ ದಾರಿಯನ್ನು ಮೊದಲು ಮಾಡಬೇಕು, ಯಾವುದನ್ನು ಕಾಯಿಸಬೇಕು ಎಂಬ ಪ್ರಶ್ನೆಯನ್ನು ಅವರು ಹೇಗೆ ಬಗೆಹರಿಸಿದರು? ಆ ತೀರ್ಮಾನದಿಂದ ರಾಜಧಾನಿಯ ಸುತ್ತಲಿನ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಪಾಲಿಗೆ ಬಂದದ್ದೇನು? ಈ ನಾಲ್ಕು ಊರುಗಳಲ್ಲಿ ಇಂದೂ ಅದೇ ಪ್ರಶ್ನೆ ಬೇರೆ ವೇಷದಲ್ಲಿ ನಿಂತಿರುವುದರಿಂದ ಆ ಹಳೆಯ ಲೆಕ್ಕವನ್ನು ಬಿಚ್ಚಿ ನೋಡುವುದು ಅನುಚಿತವಾಗಲಾರದೆಂದು ನಂಬಿದ್ದೇವೆ.

ಅಯ್ಯರ್ ಅವರು 1845ನೆಯ ಇಸವಿ ಜೂನ್ 1ರಂದು ಮಲಬಾರಿನ ಪಾಲಕ್ಕಾಡಿನ ಬಳಿಯ ಕುಮಾರಪುರದಲ್ಲಿ ಜನಿಸಿದರು. ತಂದೆ ಅನಂತನಾರಾಯಣ ಅಯ್ಯರ್ ಕಲ್ಲಿಕೋಟೆಯಲ್ಲಿ ವಕೀಲರು. ಕಲ್ಲಿಕೋಟೆಯಲ್ಲಿಯೂ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ವ್ಯಾಸಂಗ ಮಾಡಿ, 1868ರಲ್ಲಿ ರಂಗಾಚಾರ್ಲು ಅವರ ಆಹ್ವಾನದಂತೆ ಮೈಸೂರಿಗೆ ಬಂದು, ಅಷ್ಟಗ್ರಾಮ ವಿಭಾಗದ ಕಚೇರಿಯಲ್ಲಿ ನ್ಯಾಯಶಾಖೆಯ ಶಿರಸ್ತೇದಾರರಾದರು. ಅಲ್ಲಿಂದ ಮುಂದೆ ಹದಿನೈದು ವರ್ಷ ಒಂದೊಂದೇ ಮೆಟ್ಟಲು ಹತ್ತಿದರು. ತುಮಕೂರು ಜಿಲ್ಲೆಯ ಡೆಪ್ಯುಟಿ ಕಮಿಷನರ್ ಪದವಿಯೂ ಅದರಲ್ಲಿ ಒಂದು. ಬೆಂಗಳೂರಿನಿಂದ ತುಮಕೂರಿಗೆ ಹೋಗತಕ್ಕ ಹೆದ್ದಾರಿ ನೆಲಮಂಗಲದ ಪೇಟೆಯ ನಡುವೆಯೇ ಹಾದುಹೋಗುತ್ತಿತ್ತು. ಅಂದಮೇಲೆ ಆ ದಾರಿಯ ಗಾಡಿಗಳ ಸಾಲನ್ನೂ ಗುಂಡಿಗಳನ್ನೂ ಅವರು ಕಡತದಲ್ಲಿ ಓದಿ ಮಾತ್ರ ತಿಳಿದವರಲ್ಲ.

ಅವರ ನೌಕರಿಯ ನಡುಗಾಲದಲ್ಲಿ ಬಂದದ್ದು ಧಾತು ಈಶ್ವರ ಸಂವತ್ಸರಗಳ ಮಹಾಕ್ಷಾಮ. 1876ರಿಂದ 1878ರವರೆಗೆ ಆ ಬರವು ಮಾಡಿದ ಸಂಹಾರವನ್ನು ಜನಗಣತಿಯೇ ಹೇಳುತ್ತದೆ. 1871ರಲ್ಲಿ 50 ಲಕ್ಷವನ್ನು ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೆ ಇಳಿದಿತ್ತು. ಈ ಮರಣಗಳಿಗೆಲ್ಲ ಧಾನ್ಯದ ಅಭಾವವೊಂದೇ ಕಾರಣವಾಗಿರಲಿಲ್ಲವೆಂಬುದನ್ನು ಆ ಕಾಲದ ಅಧಿಕಾರಿಗಳೆಲ್ಲರೂ ಬಲ್ಲರು. ಮದ್ರಾಸ್ ರೈಲ್ವೆಯ ದೊಡ್ಡ ಕಂಬಿ 1864ರಲ್ಲಿಯೇ ಜೋಲಾರಪೇಟೆಯಿಂದ ಬೆಂಗಳೂರಿನ ದಂಡುಪ್ರದೇಶಕ್ಕೆ ಬಂದಿತ್ತು. ಅದರ ಮೇಲೆ ಧಾನ್ಯವೂ ಬಂತು. ಬಂದ ಮೂಟೆಗಳನ್ನು ಅಲ್ಲಿಂದ ಒಳನಾಡಿಗೆ ಸಾಗಿಸುವ ಎತ್ತುಗಳು ಮೇವಿಲ್ಲದೆ ಸತ್ತಿದ್ದವು. ನಿಲ್ದಾಣದಲ್ಲಿ ಅಕ್ಕಿ, ನಲವತ್ತು ಮೈಲಿಯಾಚೆ ಹೆಣ: ಇಂಥ ದೃಶ್ಯವನ್ನು ಕಂಡ ಒಂದು ತಲೆಮಾರಿನ ಆಡಳಿತಗಾರರಿಗೆ ರೈಲುದಾರಿಯೆಂದರೆ ವೈಭವದ ವಸ್ತುವಲ್ಲ, ಗಂಜಿಯ ಪ್ರಶ್ನೆ. ಬೆಂಗಳೂರು-ಮೈಸೂರು ಮಾರ್ಗದ ಮಣ್ಣುಕೆಲಸ ಆರಂಭವಾದದ್ದೂ ಕ್ಷಾಮಪರಿಹಾರದ ಕೂಲಿಗಾಗಿಯೇ.

ಕ್ಷಾಮವು ಬೊಕ್ಕಸವನ್ನೂ ತಿಂದುಹಾಕಿತ್ತು. 1881ರ ಮಾರ್ಚಿಯಲ್ಲಿ ರಾಜ್ಯವು ಚಾಮರಾಜೇಂದ್ರ ಒಡೆಯರಿಗೆ ಮರಳಿ ಬಂದಾಗ ಅದರೊಡನೆ ಭಾರತ ಸರ್ಕಾರಕ್ಕೆ ತೀರಿಸಬೇಕಾಗಿದ್ದ 80 ಲಕ್ಷ ರೂಪಾಯಿ ಸಾಲವೂ ಬಂತು. ಬ್ರಿಟಿಷರಿಗೆ ವರ್ಷವರ್ಷವೂ ಕೊಡತಕ್ಕ ಪೊಗದಿ 24 ಲಕ್ಷದ 50 ಸಾವಿರವಿದ್ದದ್ದು 35 ಲಕ್ಷಕ್ಕೆ ಏರಬೇಕೆಂದು ವಿಧಿಸಲಾಗಿತ್ತು. ಈ ಏರಿಕೆಯನ್ನು ಮೊದಲು ಐದು ವರ್ಷ, ಆಮೇಲೆ ಮತ್ತೆ ಹತ್ತು ವರ್ಷ ಮುಂದೆ ಹಾಕಿಸಿಕೊಳ್ಳಲಾಯಿತು. 1896ರವರೆಗೆ ಸಿಕ್ಕಿದ ಆ ಬಿಡುವಿನಲ್ಲಿಯೇ ಸಂಸ್ಥಾನದ ಬಹುಪಾಲು ಕಟ್ಟಡ, ಕಾಲುವೆ, ಕಂಬಿಗಳು ಎದ್ದವು. ಕೈಯಲ್ಲಿರುವ ಹಣ ತನ್ನದಲ್ಲ, ಸ್ವಲ್ಪಕಾಲ ಬಿಟ್ಟುಕೊಟ್ಟದ್ದು ಎಂಬ ಅರಿವಿನಿಂದ ಖರ್ಚು ಮಾಡುವುದು ಯಾವ ಮಂತ್ರಿಗೂ ಸುಲಭವಲ್ಲ.

ರಂಗಾಚಾರ್ಲು ಅವರು 1883ರ ಜನವರಿಯಲ್ಲಿ ಕಾಲವಾದರು. ಫೆಬ್ರವರಿ 12ರಂದು ಮಹಾರಾಜರು ಶೇಷಾದ್ರಿ ಅಯ್ಯರ್ ಅವರನ್ನು ದಿವಾನರನ್ನಾಗಿ ನೇಮಿಸಿದರು. ವಯಸ್ಸು ಮೂವತ್ತೇಳು. ಆಗ ನಡೆಯುತ್ತಿದ್ದ ಸಂಸ್ಥಾನದ ರೈಲು ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಒಂದೇ ಒಂದು. ತುಮಕೂರಿನ ಕಡೆಗೆ ಕೆಲಸ ಸಾಗಿತ್ತು.

ಹೊಸ ದಿವಾನರ ಎದುರಿಗಿದ್ದ ಬೇಡಿಕೆಗಳ ರಾಶಿಯನ್ನು ಊಹಿಸಿಕೊಳ್ಳಬೇಕಾದರೆ ಮೈಸೂರಿನ ಪ್ರಜಾಪ್ರತಿನಿಧಿ ಸಭೆಯನ್ನು ನೆನೆಯಬೇಕು. 1881ರ ಅಕ್ಟೋಬರ್ 7ರಂದು 144 ಮಂದಿ ಸದಸ್ಯರಿಂದ ಮೊದಲು ಕೂಡಿದ ಆ ಸಭೆ, ಆಮೇಲೆ ದಸರೆಯ ಸಮಯದಲ್ಲಿ ಸೇರುತ್ತಿತ್ತು. ತಾಲ್ಲೂಕುಗಳಿಂದ ಬಂದ ರೈತರೂ ವರ್ತಕರೂ ತಂತಮ್ಮ ಊರಿಗೆ ಬೇಕಾದುದನ್ನು ಅಲ್ಲಿ ಅರಿಕೆಮಾಡುವರು. ಒಬ್ಬರಿಗೆ ಸೇತುವೆ, ಒಬ್ಬರಿಗೆ ಕೆರೆಯ ದುರಸ್ತಿ, ಮತ್ತೊಬ್ಬರಿಗೆ ಸಂತೆಗೆ ಹೋಗುವ ರಸ್ತೆ. ಆ ಸಭೆಗೆ ಹಣವನ್ನು ಮಂಜೂರು ಮಾಡುವ ಅಧಿಕಾರವಿರಲಿಲ್ಲ. ಕೇಳುವ ಹಕ್ಕು ಮಾತ್ರವಿತ್ತು. ಆದರೂ ದಿವಾನರು ವರ್ಷದ ಜಮಾಖರ್ಚನ್ನು, ಯಾವ ಕೆಲಸಕ್ಕೆ ಎಷ್ಟು ತಗುಲಿತೆಂಬುದನ್ನು, ಮುಂದೆ ಏನನ್ನು ಕೈಗೊಳ್ಳಲಾಗುವುದೆಂಬುದನ್ನು ಆ ಜನರ ಮುಂದೆ ಓದಿಹೇಳುವ ಪದ್ಧತಿ ಬೇರೂರಿದ್ದು ಅಯ್ಯರ್ ಅವರ ಕಾಲದಲ್ಲಿ. ಇಲ್ಲವೆನ್ನಬೇಕಾದಾಗ ಆ ಮಾತನ್ನು ಅರ್ಜಿದಾರನ ಮುಖ ನೋಡಿ ಹೇಳಬೇಕಾದ ಸಂದರ್ಭವನ್ನು ಅವರು ತಪ್ಪಿಸಿಕೊಳ್ಳಲಿಲ್ಲ.

ಅವರ ಅನುಕ್ರಮದಲ್ಲಿ ಮೊದಲನೆಯ ಸ್ಥಾನ ದಾರಿಗಲ್ಲ, ನೀರಿಗೆ. ಇದನ್ನು ನಾವು ಒತ್ತಿ ಹೇಳಬೇಕಾಗಿದೆ, ಏಕೆಂದರೆ ರೈಲಿನ ಇತಿಹಾಸ ಬರೆಯುವವರು ರೈಲನ್ನಷ್ಟೇ ನೋಡುತ್ತಾರೆ. ಒಂದು ರೂಪಾಯಿಯನ್ನು ಕೆರೆಗೆ ಹಾಕಿದರೆ ಬೆಳೆ ಬಂದು ಕಂದಾಯವಾಗಿ ಬೊಕ್ಕಸಕ್ಕೆ ಮರಳುತ್ತದೆ. ಕಂಬಿಗೆ ಹಾಕಿದರೆ, ಆ ಕಂಬಿಯ ಮೇಲೆ ಸಾಗಿಸಲು ಬೆಳೆಯೇ ಇಲ್ಲದಿದ್ದಲ್ಲಿ, ಬಡ್ಡಿಯೂ ಹುಟ್ಟದು. ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ನೀರಾವರಿಯ ಹೊಸ ಕೆಲಸಗಳಿಗೆ ವೆಚ್ಚವಾದದ್ದು ಒಂದು ಕೋಟಿ ರೂಪಾಯಿನ ಸುಮಾರು. ಪೂರ್ವದ ಒಣಸೀಮೆಯಲ್ಲಿ ಹೊಸ ಕೆರೆಗೆ ಎಡೆಯಿಲ್ಲದ ಕಡೆ ಬಾವಿ ತೋಡಲು ರೈತರಿಗೆ ಸಾಲ ಕೊಡುವ ಏರ್ಪಾಡೂ ನಡೆಯಿತು.

ಹಾಗಾದರೆ ರೈಲಿಗೆ ಹಣವೆಲ್ಲಿ? ಇಲ್ಲಿಯೇ ಅವರ ಜೀವಿತದ ಅತ್ಯಂತ ವಿವಾದಾಸ್ಪದವಾದ ತೀರ್ಮಾನ ಬರುತ್ತದೆ. 1884ರಲ್ಲಿ ರೈಲು ತುಮಕೂರನ್ನು ದಾಟಿ ಗುಬ್ಬಿಯನ್ನು ಮುಟ್ಟಿತ್ತು. ಮೈಸೂರಿನ ಮಾರ್ಗವೂ ಇದೂ ಸೇರಿ 140 ಮೈಲಿ. ಎಲ್ಲವೂ ಸಂಸ್ಥಾನದ ಸ್ವಂತ ವೆಚ್ಚದಿಂದ ಆದದ್ದು. ಗುಬ್ಬಿಯಿಂದ ಹರಿಹರದವರೆಗಿನ ಭಾಗವನ್ನೂ ಹೀಗೆಯೇ ವರ್ಷವರ್ಷದ ಉಳಿತಾಯದಿಂದ ಮುಂದುವರಿಸುವುದಾದರೆ ಎಷ್ಟು ಕಾಲ ಹಿಡಿಯುವುದೋ ಹೇಳುವಂತಿರಲಿಲ್ಲ. ಅಷ್ಟು ಕಾಲವೂ ಕೆರೆಕಾಲುವೆಗಳು ಕಾಯಬೇಕು. 1886ರಲ್ಲಿ ದಿವಾನರು ಸದರನ್ ಮರಾಠಾ ರೈಲ್ವೆ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡರು. ಕಂಪನಿಯು ಮೈಸೂರಿನ ಪರವಾಗಿ ಇಂಗ್ಲೆಂಡಿನಲ್ಲಿ ಶೇಕಡ 4ರ ಬಡ್ಡಿಗೆ ಸುಮಾರು 12 ಲಕ್ಷ ಪೌಂಡು ಸಾಲವೆತ್ತಿ ಹರಿಹರದವರೆಗೆ ಕಂಬಿ ಹಾಸುವುದು. ಇದ್ದ ಮಾರ್ಗವನ್ನೂ ಹೊಸ ಮಾರ್ಗವನ್ನೂ ಅದೇ ನಡೆಸುವುದು. 1889ರಲ್ಲಿ ಹರಿಹರ ಮುಟ್ಟಿತು. ಬೆಂಗಳೂರಿಗೆ ಹುಬ್ಬಳ್ಳಿ, ಪುಣೆಗಳ ಸಂಪರ್ಕ ದೊರೆಯಿತು.

ದೇಶದ ಸೊತ್ತನ್ನು ಪರದೇಶದ ಕಂಪನಿಯ ಕೈಗೆ ಕೊಟ್ಟರೆಂದು ಈ ಒಪ್ಪಂದವನ್ನು ನಿಂದಿಸಿದವರುಂಟು. ನಿಂದೆ ನಿರಾಧಾರವೆಂದು ನಾವು ಹೇಳಲಾರೆವು. ದರವನ್ನೂ ವೇಳೆಯನ್ನೂ ಗೊತ್ತುಮಾಡುವವರು ದೂರದಲ್ಲಿ ಕುಳಿತ ಕಂಪನಿಯವರಾದರೆ ಗುಬ್ಬಿಯ ಕೊಬ್ಬರಿ ವರ್ತಕನ ಮೊರೆ ಯಾರಿಗೆ ಕೇಳಬೇಕು? ಅದಕ್ಕಿಂತಲೂ ಭಾರವಾದ ದೋಷ ನಾಣ್ಯದ್ದು. ಸಂಸ್ಥಾನದ ಕಂದಾಯ ರೂಪಾಯಿನಲ್ಲಿ, ಸಾಲದ ಬಡ್ಡಿ ಪೌಂಡಿನಲ್ಲಿ. 1886ರ ಸುಮಾರಿಗೆ ಹದಿನೇಳು ಹದಿನೆಂಟು ಪೆನ್ನಿ ಬಾಳುತ್ತಿದ್ದ ರೂಪಾಯಿ, ಬೆಳ್ಳಿಯ ಬೆಲೆ ಕುಸಿದ ಕಾರಣ, 1894-95ರ ವೇಳೆಗೆ ಹದಿಮೂರಕ್ಕೆ ಇಳಿಯಿತು. ಸಾಲದ ಅಂಕಿ ಬದಲಾಗದೆ ರೈತನ ಮೇಲಿನ ಹೊರೆ ಮಾತ್ರ ಏರಿತು. ದಿವಾನರು ಇದನ್ನು ಮುಂಗಾಣಲಿಲ್ಲ. ಆ ದಿನಗಳಲ್ಲಿ ಮುಂಗಂಡವರು ವಿರಳವೆಂಬುದು ಅವರ ಪರವಾಗಿ ಹೇಳಬಹುದಾದ ಮಾತು. ಆದರೆ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಆ ಒಂದು ಕೋಟಿಯ ಕೆರೆಕಾಲುವೆಗಳಿವೆ. ರೈಲನ್ನು ಸಾಲದಿಂದಲೂ ನೀರನ್ನು ಕಂದಾಯದಿಂದಲೂ ಮಾಡಿಸಿದ್ದರಿಂದಲೇ ಎರಡೂ ಒಂದೇ ದಶಕದಲ್ಲಿ ಆದವು. ಕ್ಷಾಮದ ನೆನಪು ಹಸಿಯಾಗಿದ್ದ ಕಾಲದಲ್ಲಿ ಹತ್ತು ವರ್ಷ ತಡಮಾಡುವುದೂ ಒಂದು ಬಗೆಯ ದುಂದುಗಾರಿಕೆಯೇ ಆಗುತ್ತಿತ್ತೆಂದು ನಮಗೆ ತೋರುತ್ತದೆ. ಕೊನೆಗೆ ಸಂಸ್ಥಾನವು ತನ್ನ ಮಾರ್ಗಗಳನ್ನು ತಾನೇ ನಡೆಸಲು ಹಿಂದಕ್ಕೆ ತೆಗೆದುಕೊಂಡದ್ದು ಹಂತಹಂತವಾಗಿ, 1919ರಲ್ಲಿ ಮೈಸೂರಿನ ಮಾರ್ಗವನ್ನು, 1938ರಲ್ಲಿ ಹರಿಹರದ ಮಾರ್ಗವನ್ನು. ಒಂದು ಸಹಿಯ ಆಯುಸ್ಸು ಐವತ್ತು ವರ್ಷ!

ಈಗ ನಮ್ಮ ನಾಲ್ಕು ಊರುಗಳ ಕಡೆಗೆ ಬರೋಣ.

ಮೊದಲು ಪೆಟ್ಟು ತಿಂದದ್ದು ನೆಲಮಂಗಲ. ತುಮಕೂರಿನ ಹೆದ್ದಾರಿಯೂ ಕುಣಿಗಲ್ಲಿನ ಮೇಲೆ ಹಾಸನ ಮಂಗಳೂರುಗಳಿಗೆ ಹೋಗುವ ಹೆದ್ದಾರಿಯೂ ಕವಲೊಡೆಯುವುದು ಅಲ್ಲಿಯೇ. ಗಾಡಿಯವರಿಗೆ ಅದು ಬೆಂಗಳೂರಿನಿಂದ ಮೊದಲನೆಯ ತಂಗುದಾಣ. ರಂಗಾಚಾರ್ಲು ಅವರ ಕಾಲದಲ್ಲಿಯೇ ಗೊತ್ತಾಗಿದ್ದ ತುಮಕೂರಿನ ರೈಲುಮಾರ್ಗವು ಊರನ್ನು ಪಕ್ಕಕ್ಕೆ ಬಿಟ್ಟು ಸೋಲದೇವನಹಳ್ಳಿ, ದೊಡ್ಡಬೆಲೆ, ನಿಡವಂದಗಳ ಮೇಲೆ ಹಾಯ್ದುಹೋಯಿತು. ತಾಲ್ಲೂಕಿನ ನೆಲದ ಮೇಲೆಯೇ ಹೋದ ರೈಲು ತಾಲ್ಲೂಕಿನ ಪೇಟೆಗೆ ಕಾಣಲಿಲ್ಲ. ತುಮಕೂರಿನ ದಿಕ್ಕಿನ ಸರಕು ಉಗಿಬಂಡಿಗೆ ಹತ್ತಿದಮೇಲೆ ಗಾಡಿಗಳಿಂದ ಬದುಕುತ್ತಿದ್ದ ಊರಿನ ವ್ಯಾಪಾರ ಮೊದಲಿನಂತಿರಲು ಹೇಗೆ ಸಾಧ್ಯ? ಆ ಊರಿನ ಪೇಟೆಗೆ ರೈಲಿನ ಪೂರ್ಣ ಪ್ರಯೋಜನ ದೊರೆತದ್ದು 2017ರಲ್ಲಿ, ಕುಣಿಗಲ್ಲು ಶ್ರವಣಬೆಳಗೊಳಗಳ ಮೇಲೆ ಹಾಸನದ ಮಾರ್ಗ ಪೂರ್ತಿಯಾದಾಗ. ನೂರಮೂವತ್ತಮೂರು ವರ್ಷಗಳ ಅಂತರ.

ದೊಡ್ಡಬಳ್ಳಾಪುರದ ಅದೃಷ್ಟ ಬೇರೆಯಾಯಿತು. 1891ರಲ್ಲಿ ಮತ್ತೆ ಮಳೆ ತಪ್ಪಿತು. ಬಳ್ಳಾರಿ, ಗುಂತಕಲ್ಲುಗಳ ಕಡೆಯಿಂದ ಬೆಂಗಳೂರಿಗೆ ಉತ್ತರದಿಂದ ನೇರವಾದ ರೈಲು ಆಗ ಇರಲಿಲ್ಲ. ಉತ್ತರದ ಧಾನ್ಯವೂ ಹತ್ತಿಯೂ ಸುತ್ತು ಬಳಸಿ ಬರಬೇಕಾಗಿತ್ತು. ಯಶವಂತಪುರದಿಂದ ಹಿಂದೂಪುರದ ಗಡಿಯವರೆಗೆ ಸುಮಾರು 51 ಮೈಲಿ ಕಂಬಿಯನ್ನು ಸಂಸ್ಥಾನವು ಈ ಬಾರಿ ಸ್ವಂತ ವೆಚ್ಚದಿಂದಲೇ ಹಾಕಿಸಿತು. 1892-93ರಲ್ಲಿ ಅದು ಸಂಚಾರಕ್ಕೆ ತೆರೆಯಿತು. ಯಲಹಂಕ, ರಾಜಾನುಕುಂಟೆ, ದೊಡ್ಡಬಳ್ಳಾಪುರ, ಮಾಕಳಿದುರ್ಗ, ತೊಂಡೇಬಾವಿ, ಗೌರಿಬಿದನೂರು, ಹೀಗೆ ಆ ಮಾರ್ಗ. ನೇಯ್ಗೆಯನ್ನು ನೆಚ್ಚಿದ ದೊಡ್ಡಬಳ್ಳಾಪುರಕ್ಕೆ ನೂಲು ಬರಲೂ ಬಟ್ಟೆ ಹೋಗಲೂ ಬಾಗಿಲು ತೆರೆದಂತಾಯಿತು.

ಇದೇ ಮಾರ್ಗವು ಕೆಲವೇ ಮೈಲಿ ಪೂರ್ವಕ್ಕೆ ಸರಿದಿದ್ದರೆ ದೇವನಹಳ್ಳಿಗೆ ದೊರೆಯಬಹುದಾಗಿತ್ತು. ಬಳ್ಳಾರಿಯ ಹಳೆಯ ಹೆದ್ದಾರಿ ಇದ್ದದ್ದು ಆ ಕಡೆಗೇ. ಟಿಪ್ಪು ಸುಲ್ತಾನನು ಹುಟ್ಟಿದ ಊರು, ಕಲ್ಲಿನ ಕೋಟೆ, ಚಕ್ಕೋತದ ತೋಟ. ಯಾವ ದೃಷ್ಟಿಯಿಂದ ನೋಡಿದರೂ ದೊಡ್ಡಬಳ್ಳಾಪುರಕ್ಕಿಂತ ಕಡಮೆಯಲ್ಲ. ಆದರೆ ನೆಲವನ್ನು ನಡೆದು ನೋಡಿದವರಿಗೆ ಕಾರಣ ತಿಳಿಯುತ್ತದೆ. ನಂದಿಯ ಬೆಟ್ಟಸಾಲು ಪೂರ್ವದ ದಾರಿಗೆ ಅಡ್ಡ ನಿಂತಿದೆ. ಪಶ್ಚಿಮದಲ್ಲಿ ಅರ್ಕಾವತಿಯ ಕೊಳ್ಳವನ್ನು ಹಿಡಿದು ಹೋದರೆ ಮಾಕಳಿದುರ್ಗದ ಬಳಿ ಬೆಟ್ಟಗಳ ನಡುವೆ ಕಣಿವೆ ಸಿಕ್ಕಿ, ಆಚೆ ಉತ್ತರ ಪಿನಾಕಿನಿಯ ಬಯಲಿಗೆ ಇಳಿಯಬಹುದು. ಕಡಮೆ ಹಣದಲ್ಲಿ ಕೆಲಸ ಮುಗಿಸಬೇಕಾದವನಿಗೆ ಬೆಟ್ಟವನ್ನು ಕೊರೆಯುವ ಸ್ವಾತಂತ್ರ್ಯವಿರುವುದಿಲ್ಲ. ಒಂದು ಊರಿನ ಭಾಗ್ಯ ಇನ್ನೊಂದಕ್ಕೆ ಹೋದದ್ದು ಯಾರ ಪಕ್ಷಪಾತದಿಂದಲೂ ಅಲ್ಲ, ಕೊಳ್ಳದ ಓಟದಿಂದ.

ಅದೇ ವರ್ಷಗಳ ಇತರ ಕವಲುಮಾರ್ಗಗಳ ವಿಷಯವನ್ನು ಸಂಕ್ಷೇಪವಾಗಿ ಹೇಳಿ ಮುಗಿಸಬಹುದು. ಬೌರಿಂಗ್‌ಪೇಟೆಯಿಂದ ಕೋಲಾರದ ಚಿನ್ನದ ಗಣಿಗಳಿಗೆ ಹತ್ತು ಮೈಲಿಯ ಕವಲು 1894ರಲ್ಲಿ ಆಯಿತು. ಗಣಿಯ ರಾಜಸ್ವವು ಬೊಕ್ಕಸದ ದೊಡ್ಡ ಆಸರೆಯಾಗಿದ್ದಾಗ ಅದಕ್ಕೆ ಯಾರೂ ಆಕ್ಷೇಪಿಸುವಂತಿರಲಿಲ್ಲ. ಬೀರೂರು-ಶಿವಮೊಗ್ಗ ಮಾರ್ಗ 1899ರಲ್ಲಿ ತೆರೆದು ಮಲೆನಾಡಿನ ಅಡಕೆಗೂ ಮರಕ್ಕೂ ದಾರಿಯಾಯಿತು. 1891ರ ಮೈಸೂರು-ನಂಜನಗೂಡು ಮಾರ್ಗದ ವಿಷಯದಲ್ಲಿ ಮಾತ್ರ ನಮಗೆ ಸಂಶಯವಿದೆ. ಮುಂದೆ ದಕ್ಷಿಣಕ್ಕೆ ಬ್ರಿಟಿಷ್ ಸೀಮೆಯ ರೈಲಿನೊಡನೆ ಕೂಡಿಕೊಳ್ಳುವುದೆಂಬ ಆಸೆ ಅದರ ಹಿಂದಿತ್ತು, ಅದು ಕೈಗೂಡಲಿಲ್ಲ. 1926ರಲ್ಲಿ ಚಾಮರಾಜನಗರದವರೆಗೆ ಬೆಳೆದು ಅಲ್ಲಿಯೇ ನಿಂತಿತು. ನೆರೆಯ ಸರ್ಕಾರ ತನ್ನ ಪಾಲಿನ ಕಂಬಿಯನ್ನು ಹಾಕುವುದೆಂಬ ನಂಬಿಕೆಯ ಮೇಲೆ ತನ್ನ ಪಾಲಿನದನ್ನು ಮೊದಲು ಹಾಕಿದ ಆ ವೆಚ್ಚವನ್ನು ದೇವನಹಳ್ಳಿಯವರೋ ಹೊಸಕೋಟೆಯವರೋ ಲೆಕ್ಕ ಕೇಳಿದ್ದರೆ ದಿವಾನರ ಉತ್ತರ ಏನಾಗುತ್ತಿತ್ತೆಂದು ಕುತೂಹಲವಾಗುತ್ತದೆ.

ಹೊಸಕೋಟೆಗೆ ದೊರೆತದ್ದು ರಸ್ತೆ ಮಾತ್ರ. ಮದ್ರಾಸಿನ ಕಂಬಿ 1864ರಲ್ಲಿಯೇ ಊರಿನ ದಕ್ಷಿಣಕ್ಕೆ, ವೈಟ್‌ಫೀಲ್ಡು ಮಾಲೂರುಗಳ ಮೇಲೆ ಹೋಗಿಬಿಟ್ಟಿತ್ತು. ತಾಲ್ಲೂಕಿನ ದೇವನಗೊಂದಿಯಲ್ಲಿ ನಿಲ್ದಾಣ, ಪೇಟೆಯಲ್ಲಿಲ್ಲ. ಕೋಲಾರದ ಹೆದ್ದಾರಿಯೂ ಚಿಂತಾಮಣಿಯ ರಸ್ತೆಯೂ ಅಲ್ಲಿ ಬೇರ್ಪಡುವುದರಿಂದ ಗಾಡಿಯ ಸಂಚಾರ ಉಳಿದುಕೊಂಡಿತು. ಅಯ್ಯರ್ ಅವರ ನೀತಿಯಲ್ಲಿ ರಸ್ತೆಗೆ ಒಂದು ಗೊತ್ತಾದ ಕೆಲಸವಿತ್ತು: ರೈಲಿನ ಪಕ್ಕದಲ್ಲಿಯೇ ಸಾಗುವ ಹೆದ್ದಾರಿಗೆ ಹೆಚ್ಚಿನ ಹಣ ಸುರಿಯದೆ, ಹಳ್ಳಿಯಿಂದ ನಿಲ್ದಾಣಕ್ಕೆ ಬರುವ ಪೋಷಕ ರಸ್ತೆಗಳನ್ನು ಸರಿಮಾಡುವುದು. ಲೆಕ್ಕ ನೋಡುವವನಿಗೆ ಇದು ಸರಿಯಾದ ನೀತಿ. ನಿಲ್ದಾಣವಿಲ್ಲದ ಪೇಟೆಗೆ ಇದರಿಂದ ಆಗುವ ಉಪಕಾರ ಅಷ್ಟಕ್ಕಷ್ಟೆ; ಹಳ್ಳಿಯ ಧಾನ್ಯ ಪೇಟೆಗೆ ಬರುವ ಬದಲು ನಿಲ್ದಾಣಕ್ಕೆ ಹೋಗುತ್ತದೆ.

ನಮ್ಮ ಆಕ್ಷೇಪಣೆ ಇರುವುದು ಇಲ್ಲಿ. ಆಯ್ದ ಕೆಲಸಗಳಿಗೆ ಕಾರಣ ಹೇಳುವುದರಲ್ಲಿ ದಿವಾನರು ಎಂದೂ ಜಿಪುಣರಾಗಲಿಲ್ಲ. ಬಿಟ್ಟ ಊರುಗಳಿಗೆ ಹೇಳತಕ್ಕ ಮಾತು ಮಾತ್ರ ಅವರಲ್ಲಿರಲಿಲ್ಲ. ಸರದಿ ಎಂದು ಬರುವುದು, ಅಲ್ಲಿಯವರೆಗೆ ಬದಲಿಗೆ ಏನು ದೊರೆಯುವುದು ಎಂಬ ಎರಡು ಪ್ರಶ್ನೆಗಳಿಗೆ ಉತ್ತರವಿಲ್ಲದೆ ನೆಲಮಂಗಲವೂ ದೇವನಹಳ್ಳಿಯೂ ವರ್ಷಗಳನ್ನು ಕಳೆದವು.

ಮನುಷ್ಯನ ಸ್ವಭಾವವೂ ಇದಕ್ಕೆ ಸ್ವಲ್ಪ ಕಾರಣ. ಅವರು ಬಲವಾದ ಕೈಯವರು. ಅಧಿಕಾರವನ್ನು ಹಂಚಿಕೊಳ್ಳುವುದಕ್ಕಿಂತ ಹಿಡಿದುಕೊಳ್ಳುವುದು ಅವರ ರೀತಿ. ಮದ್ರಾಸಿನ ಕಡೆಯವರಿಗೆ ದೊಡ್ಡ ಹುದ್ದೆಗಳು ಹೋಗುತ್ತಿವೆಯೆಂದು ಮೈಸೂರಿನವರು ನೊಂದುಕೊಂಡದ್ದು ಆ ಕಾಲದ ರಾಜಕೀಯದ ದೊಡ್ಡ ಅಧ್ಯಾಯ. ಅದು ಅಸೂಯೆ ಮಾತ್ರವೆಂದು ತಳ್ಳಿಹಾಕುವವರೊಡನೆ ನಾವು ಸೇರುವುದಿಲ್ಲ. ಆದರೆ 1891ರಲ್ಲಿ ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆಯನ್ನು ಆರಂಭಿಸಿದವರೂ ಅವರೇ. ಲೆಕ್ಕದಲ್ಲಿ ಕಟ್ಟುನಿಟ್ಟು, ಮಾತಿನಲ್ಲಿ ಮಿತ, ಕೆಲಸದಲ್ಲಿ ದಣಿವಿಲ್ಲದವರು ಎಂಬುದನ್ನು ಅವರ ವಿರೋಧಿಗಳೂ ಒಪ್ಪಿದ್ದರು.

1894ರ ಡಿಸೆಂಬರಿನಲ್ಲಿ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ಅಕಾಲಮರಣ ಹೊಂದಿದರು. ವಾಣೀವಿಲಾಸ ಸನ್ನಿಧಾನದವರ ರೀಜೆನ್ಸಿಯ ಕಾಲದಲ್ಲಿ ದಿವಾನರು ಇನ್ನೂ ಆರು ವರ್ಷ ದುಡಿದರು. ಅರ್ಕಾವತಿಯ ನೀರನ್ನು ಹೆಸರಘಟ್ಟದಲ್ಲಿ ನಿಲ್ಲಿಸಿ ಬೆಂಗಳೂರಿಗೆ ಕೊಳವೆಯಲ್ಲಿ ತಂದದ್ದು, ಮಲ್ಲೇಶ್ವರ ಬಸವನಗುಡಿಗಳ ಬಡಾವಣೆ, ವಿಕ್ಟೋರಿಯಾ ಆಸ್ಪತ್ರೆ, 1898ರಲ್ಲಿ ಆರಂಭವಾದ ಮಾರಿಕಣಿವೆ, ಎಲ್ಲವೂ ಆ ಕಾಲದವು. ನಂದಿಯಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ನೆಲದಲ್ಲಿ ಹರಿದು ಬರುವ ಹೊಳೆಯ ನೀರು ರಾಜಧಾನಿಗೆ, ರೈಲು ದೊಡ್ಡಬಳ್ಳಾಪುರಕ್ಕೆ. ವಿನಿಮಯ ಸರಿಸಮವಾಗಿತ್ತೇ ಎಂಬುದನ್ನು ಆ ತಾಲ್ಲೂಕಿನವರು ಹೇಳಬೇಕು. ಅದೇ 1898ರ ಆಗಸ್ಟಿನಲ್ಲಿ ಹುಬ್ಬಳ್ಳಿಯ ಕಡೆಯಿಂದ ರೈಲಿನ ಮೂಲಕ ಪ್ಲೇಗು ಬೆಂಗಳೂರಿಗೆ ಬಂದು ಸಾವಿರಾರು ಜನರನ್ನು ತಿಂದಿತು. ಧಾನ್ಯ ಬರಲೆಂದು ತೆರೆದ ಬಾಗಿಲಲ್ಲಿ ಮಾರಿಯೂ ಬಂತು.

1901ರ ಮಾರ್ಚ್ 18ರಂದು ದೇಹಾಲಸ್ಯದಿಂದ ಅಧಿಕಾರ ಬಿಟ್ಟ ಅಯ್ಯರ್ ಅವರು ಆ ವರ್ಷದ ಸೆಪ್ಟೆಂಬರ್ 13ರಂದು ಪರಲೋಕವನ್ನೈದಿದರು. ಶಿವನಸಮುದ್ರದಿಂದ ಕೋಲಾರದ ಗಣಿಗಳಿಗೆ ವಿದ್ಯುತ್ತು ಹರಿದದ್ದು ಮರುವರ್ಷ, 1902ರ ಜೂನಿನಲ್ಲಿ. ತಮ್ಮ ಅತಿ ದೊಡ್ಡ ಸಾಹಸದ ಫಲವನ್ನು ಅವರು ಕಣ್ಣಾರೆ ಕಾಣಲಿಲ್ಲ.

ದೇವನಹಳ್ಳಿಗೆ ರೈಲು ಬಂದ ಬಗೆಯನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಬಿಟ್ಟುಹೋದ ಊರು ಏನು ಮಾಡಬಹುದೆಂಬುದಕ್ಕೆ ಅದೊಂದು ನಿದರ್ಶನ. ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, ಬೊಕ್ಕಸದ ದೊಡ್ಡ ಹಣವನ್ನೇ ಕಾಯದೆ, ಷೇರುಗಳ ಮೂಲಕ ಮೂಲಧನ ಕೂಡಿಸಿದ ಲಘು ರೈಲ್ವೆ ಕಂಪನಿಯೊಂದು ಹುಟ್ಟಿತು. ಎರಡೂವರೆ ಅಡಿ ಅಗಲದ ಕಿರುಗಂಬಿ ಯಲಹಂಕದಿಂದ ದೊಡ್ಡಜಾಲ, ದೇವನಹಳ್ಳಿ, ಆವತಿ, ನಂದಿಗಳ ಮೇಲೆ ಹೋಗಿ 1915ರಲ್ಲಿ ಚಿಕ್ಕಬಳ್ಳಾಪುರವನ್ನು ಮುಟ್ಟಿತು. ಅತ್ತ ಕೋಲಾರ ಜಿಲ್ಲಾ ಬೋರ್ಡಿನ ಪಾಲುಗಾರಿಕೆಯಿಂದ ಬೌರಿಂಗ್‌ಪೇಟೆಯಿಂದ ಕೋಲಾರಕ್ಕೆ 1913ರಲ್ಲಿ ಬಂದಿದ್ದ ಕಿರುಗಂಬಿಯು ಚಿಂತಾಮಣಿ, ಶಿಡ್ಲಘಟ್ಟಗಳ ಮೂಲಕ ಬೆಳೆದು ಅದರೊಡನೆ ಕೂಡಿತು. ಅಗ್ಗದ ಕಂಬಿ, ಮಂದಗತಿಯ ಬಂಡಿ. ಆದರೂ ಅದು ಬಂತು. ದೊಡ್ಡಬಳ್ಳಾಪುರಕ್ಕಿಂತ ಇಪ್ಪತ್ತೆರಡು ವರ್ಷ ತಡವಾಗಿ.

1986ರಲ್ಲಿ ಈ ನಾಲ್ಕು ತಾಲ್ಲೂಕುಗಳು ಬೆಂಗಳೂರು ಗ್ರಾಮಾಂತರವೆಂಬ ಹೊಸ ಜಿಲ್ಲೆಗೆ ಸೇರಿದವು. ದೇವನಹಳ್ಳಿಯ ಬಳಿ 2008ರಲ್ಲಿ ವಿಮಾನನಿಲ್ದಾಣ ತೆರೆಯಿತು. ಆ ಹಳೆಯ ಕಿರುಗಂಬಿಯ ಜಾಡಿನಲ್ಲಿಯೇ ಹಾಸಿದ ಅಗಲಗಂಬಿಯ ಮೇಲೆ 2021ರ ಜನವರಿಯಲ್ಲಿ ವಿಮಾನಯಾತ್ರಿಕರಿಗಾಗಿ ಒಂದು ತಂಗುನಿಲ್ದಾಣವೂ ಆಯಿತು. ಉಪನಗರ ರೈಲು ಯೋಜನೆಗೆ 2020ರ ಅಕ್ಟೋಬರಿನಲ್ಲಿ ಒಪ್ಪಿಗೆ ದೊರೆತಾಗ ಗೊತ್ತುಮಾಡಿದ್ದು ನಾಲ್ಕು ಮಾರ್ಗ, 148 ಕಿಲೋಮೀಟರು, 15,767 ಕೋಟಿ ರೂಪಾಯಿ. ಪಟ್ಟಿಯಲ್ಲಿ ಒಂದನೆಯದೆಂದು ಬರೆದದ್ದು ದೇವನಹಳ್ಳಿಯ ಮಾರ್ಗ. ಕೆಲಸ ಮೊದಲು ಕೈಗೊಂಡದ್ದು ಬೈಯಪ್ಪನಹಳ್ಳಿ-ಚಿಕ್ಕಬಾಣಾವರದ್ದು, ಆಮೇಲೆ ಹೀಲಲಿಗೆ-ರಾಜಾನುಕುಂಟೆಯದು. ಇದಕ್ಕೆ ತಕ್ಕ ಕಾರಣಗಳಿರಬಹುದು. ಇರುವ ಜಾಗ, ಸಿಗುವ ಪ್ರಯಾಣಿಕರು, ತಗಲುವ ವೆಚ್ಚ ಇವುಗಳನ್ನು ತೂಗಿ ನೋಡಿದರೆ ಶೇಷಾದ್ರಿ ಅಯ್ಯರ್ ಅವರೇ ಹಾಗೆ ಮಾಡುತ್ತಿದ್ದರೋ ಏನೋ. ಆ ಕಾರಣಗಳನ್ನು ತಾಲ್ಲೂಕುಗಳ ಜನರ ಮುಂದೆ ಅಂಕಿಗಳೊಡನೆ ಓದಿಹೇಳುವ ಕೆಲಸ, ಮತ ಹಾಕುವ ಹಕ್ಕಿಲ್ಲದ ಸಭೆಯ ಮುಂದೆ ಒಬ್ಬ ದಿವಾನರು ದಸರೆಗೊಮ್ಮೆ ಮಾಡುತ್ತಿದ್ದ ಕೆಲಸ, ಮತದಾರರಿಂದ ಬಂದ ಸರ್ಕಾರಗಳಿಗೆ ಕಷ್ಟವಾಗಲಾರದು. ಚಿಕ್ಕಬಾಣಾವರದಲ್ಲಿ ನಿಲ್ಲುವ ಮಾರ್ಗ ನೆಲಮಂಗಲವನ್ನು ಮುಟ್ಟುವುದಿಲ್ಲ. ರಾಜಾನುಕುಂಟೆಯಲ್ಲಿ ನಿಲ್ಲುವುದು ದೊಡ್ಡಬಳ್ಳಾಪುರವನ್ನು ಮುಟ್ಟುವುದಿಲ್ಲ. ನಾಲ್ಕು ಊರುಗಳನ್ನೂ ಬಳಸಿ ಹೋಗುವ ಹೊಸ ವರ್ತುಲ ಹೆದ್ದಾರಿ ಡಾಬಸ್‌ಪೇಟೆಯಿಂದ ಹೊಸಕೋಟೆಯವರೆಗೆ ತೆರೆದಿದೆ. ಹೊಸಕೋಟೆಯ ಪೇಟೆಯವರು ಮಾತ್ರ ರೈಲು ಹತ್ತಬೇಕಾದರೆ 1864ರಲ್ಲಿ ಹೋಗುತ್ತಿದ್ದಂತೆ ಇಂದೂ ದಕ್ಷಿಣಕ್ಕೆ, ಮದ್ರಾಸಿನ ಕಂಬಿಯ ಕಡೆಗೆ ಹೋಗುತ್ತಾರೆ.